ಮೇಳದ ಪಟ್ಟಿ ಹೇಳದ ನಂಟು

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಸಂಗೀತ ಪಾಠ ನಡೆಯದ ರಸ್ತೆ ಸಿಗುವುದು ಕಷ್ಟ. ಮನೆಯ ಮಹಡಿ, ದೇವಸ್ಥಾನದ ಪ್ರಾಂಗಣ, ಸಂಜೆ ಖಾಲಿಯಾಗುವ ಶಾಲೆಯ ಕೋಣೆ, ಎಲ್ಲ ಕಡೆಯೂ ಸರಳೆ ವರಿಸೆ ಕೇಳಿಸುತ್ತಿರುತ್ತದೆ. ಕೆಲವು ವರ್ಷ ಪಾಠ ಹೇಳಿಸಿಕೊಂಡ ಮಕ್ಕಳು ಕನಕಾಂಗಿಯಿಂದ ರಸಿಕಪ್ರಿಯದವರೆಗೆ 72 ಮೇಳಗಳ ಹೆಸರನ್ನು ತಡವರಿಸದೆ ಒಪ್ಪಿಸುತ್ತಾರೆ. ಕಟಪಯಾದಿ ಸೂತ್ರ ಹಿಡಿದು, ಹೆಸರಿನ ಮೊದಲ ಎರಡು ಅಕ್ಷರಗಳಿಂದಲೇ ಮೇಳದ ಸಂಖ್ಯೆಯನ್ನೂ ಹೇಳುತ್ತಾರೆ. ಮೋಹನಕ್ಕೂ ಹಿಂದೋಳಕ್ಕೂ ಏನು ಸಂಬಂಧ ಎಂದು ಇವರನ್ನು ಕೇಳಿದರೆ ಬರಬಹುದಾದ ಉತ್ತರ ಒಂದೇ: ಮೋಹನ 28ನೇ ಮೇಳ ಹರಿಕಾಂಭೋಜಿಯಲ್ಲಿ ಜನ್ಯ, ಹಿಂದೋಳ 20ನೇ ಮೇಳ ನಠಭೈರವಿಯಲ್ಲಿ ಜನ್ಯ, ಹಾಗಾಗಿ ಸಂಬಂಧವಿಲ್ಲ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮೋಹನದ ಗಾಂಧಾರವನ್ನೇ ಷಡ್ಜವೆಂದು ಹಿಡಿದು ಅವೇ ಐದು ಸ್ವರಸ್ಥಾನಗಳಲ್ಲಿ ಓಡಾಡಿದರೆ ಕೇಳಿಸುವುದು ಹಿಂದೋಳದ ಸ್ವರಗಳೇ. ಒಂದು ಸ್ವರವನ್ನೂ ಸೇರಿಸಬೇಕಾಗಿಲ್ಲ, ಒಂದನ್ನೂ ಬಿಡಬೇಕಾಗಿಲ್ಲ. ಇಷ್ಟು ಹತ್ತಿರದ ನಂಟನ್ನು ಪಟ್ಟಿ ಎರಡು ದೂರದ ಮನೆಗಳಲ್ಲಿ ಇಟ್ಟುಬಿಟ್ಟಿದೆ. ರಾಗಗಳು ಒಂದಕ್ಕೊಂದು ಹೇಗೆ ಸಂಬಂಧಿಸಿವೆ ಎಂಬುದನ್ನು ನಾವು ಮೇಳದ ಪಟ್ಟಿಯಿಂದ ಕಲಿಸಲು ಹೊರಟಿದ್ದೇವೆ, ಅದು ಕಿವಿಯಿಂದ ಕಲಿಸಬೇಕಾದ ಪಾಠ, ಪಟ್ಟಿ ಆಮೇಲೆ ಬರಬೇಕು ಎಂಬುದು ಈ ಲೇಖನದ ವಾದ.

ಮೇಳ ಪದ್ಧತಿಯ ಜಾಣ್ಮೆಯ ಬಗ್ಗೆ ತಕರಾರಿಲ್ಲ. ಷಡ್ಜ ಪಂಚಮಗಳು ಅಚಲ. ರಿಷಭ ಗಾಂಧಾರಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು, ಧೈವತ ನಿಷಾದಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು, ಮಧ್ಯಮಗಳು ಎರಡು, ಗುಣಿಸಿದರೆ 72. ಆರಾರು ಮೇಳಗಳ ಹನ್ನೆರಡು ಚಕ್ರಗಳಲ್ಲಿ ಮೊದಲ 36 ಶುದ್ಧ ಮಧ್ಯಮದವು, ಉಳಿದ 36 ಪ್ರತಿ ಮಧ್ಯಮದವು. ಇದು ಜಯನಗರದ ವಿಳಾಸದ ಹಾಗೆ. ಬ್ಲಾಕು, ಮೇನು, ಕ್ರಾಸು ಗೊತ್ತಿದ್ದರೆ ಹೊಸಬರೂ ಮನೆ ಹುಡುಕಿಕೊಂಡು ಹೋಗಬಹುದು; ಆದರೆ ಒಂದೇ ಕ್ರಾಸಿನ ಅಕ್ಕಪಕ್ಕದವರು ನೆಂಟರಾಗಿರಬೇಕಿಲ್ಲ, ಒಡಹುಟ್ಟಿದವರಲ್ಲಿ ಒಬ್ಬರು 4ನೇ ಬ್ಲಾಕಿನಲ್ಲೂ ಇನ್ನೊಬ್ಬರು ಬಿ.ಟಿ.ಎಂ. ಬಡಾವಣೆಯಲ್ಲೂ ಇರಬಹುದು. ವಿಳಾಸವನ್ನು ವಂಶವೃಕ್ಷವೆಂದು ಓದಿದಾಗ ತೊಡಕು ಶುರುವಾಗುತ್ತದೆ. ಐದು ಸ್ವರಗಳ ರಾಗಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಇಲ್ಲದ ಆ ಎರಡು ಸ್ವರಗಳು ಯಾವುವಾಗಿದ್ದರೂ ಅದಕ್ಕೆ ಬಾಧಕವಿಲ್ಲ, ಹಾಗಾಗಿ ಲೆಕ್ಕದ ಪ್ರಕಾರ ಅದು 28, 29, 64, 65 ಈ ನಾಲ್ಕು ಮೇಳಗಳಲ್ಲಿ ಯಾವುದಕ್ಕೂ ಸೇರಬಹುದು. ಮಧ್ಯಮಾವತಿಗೂ ನಾಲ್ಕು ಮೇಳಗಳು ಒದಗುತ್ತವೆ. ಹಂಸಧ್ವನಿಗಂತೂ ಆರು: 27, 29, 30, 63, 65, 66. ರೂಢಿಯಲ್ಲಿ ನಾವು ಹಂಸಧ್ವನಿಯನ್ನು 29ನೇ ಶಂಕರಾಭರಣದ ಕೆಳಗೆ ಬರೆಯುತ್ತೇವೆ. ಅದು ಸಂಪ್ರದಾಯ ಮಾಡಿಕೊಂಡ ಆಯ್ಕೆ, ಆ ಆಯ್ಕೆಗೆ ಒಳ್ಳೆಯ ಕಾರಣಗಳೂ ಇರಬಹುದು. ಆದರೆ ಅದು ಹಂಸಧ್ವನಿ ಶಂಕರಾಭರಣದಿಂದ ಹುಟ್ಟಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಪಟ್ಟಿಯ ಚರಿತ್ರೆಯನ್ನು ನೋಡಿದರೆ ಮಾತು ಇನ್ನೂ ಗಟ್ಟಿಯಾಗುತ್ತದೆ, ಈ ಚರಿತ್ರೆಯ ಬಹುಭಾಗ ಕನ್ನಡ ನಾಡಿಗೆ ಸೇರಿದ್ದು. ವಿದ್ಯಾರಣ್ಯರದೆಂದು ಹೇಳುವ ಸಂಗೀತಸಾರ ಇಂದು ಉಳಿದಿಲ್ಲ. ತಂಜಾವೂರಿನಲ್ಲಿ ರಚಿತವಾದ ಸಂಗೀತಸುಧಾ ಅದರಿಂದ ಎತ್ತಿ ಹೇಳುವ ಮೇಳಗಳು 15. ವಿಜಯನಗರದಲ್ಲಿ ಅಳಿಯ ರಾಮರಾಯನ ಅಪೇಕ್ಷೆಯಂತೆ ರಾಮಾಮಾತ್ಯ 1550ರಲ್ಲಿ ಬರೆದ ಸ್ವರಮೇಳಕಲಾನಿಧಿಯಲ್ಲಿ 20 ಮೇಳಗಳಿವೆ, ಅವುಗಳಲ್ಲಿ ಒಂದರ ಹೆಸರು ಕನ್ನಡಗೌಳ. ಬೆಂಗಳೂರಿನಿಂದ ದೂರವಲ್ಲದ ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನವನೆಂದು ತನ್ನನ್ನು ಹೇಳಿಕೊಂಡ ಪುಂಡರೀಕ ವಿಠ್ಠಲ ಉತ್ತರಕ್ಕೆ ಹೋಗಿ, ಖಾನ್‌ದೇಶದ ಆಸ್ಥಾನದಲ್ಲಿದ್ದು ಬರೆದ ಸದ್ರಾಗಚಂದ್ರೋದಯದಲ್ಲಿ 19. ಸೋಮನಾಥನ ರಾಗವಿಬೋಧದಲ್ಲಿ, 1609ರಲ್ಲಿ, 23. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆಯಲ್ಲಿ 72ರ ಲೆಕ್ಕ ಹಾಕಿದಾಗಲೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ವಿವರಿಸಿದ್ದು 19ನ್ನು ಮಾತ್ರ. ಇವರೆಲ್ಲ ಮಾಡುತ್ತಿದ್ದ ಕೆಲಸ ಒಂದೇ ಬಗೆಯದು: ನಾಡಿನಲ್ಲಿ ಹಾಡುತ್ತಿದ್ದ ರಾಗಗಳನ್ನು ಕೇಳಿ, ಸ್ವರಗಳ ಹೋಲಿಕೆ ಹಿಡಿದು, ಒಟ್ಟಿಗಿಡುವುದು. ಒಂದು ಗುಂಪಿಗೆ ಆ ಗುಂಪಿನ ಹೆಸರಾಂತ ರಾಗದ ಹೆಸರನ್ನೇ ಇಡುತ್ತಿದ್ದರು. ಹೀಗಾಗಿ ರಾಮಾಮಾತ್ಯನಲ್ಲಿ ಶ್ರೀರಾಗವೇ ಮೇಳ, ಕಾಂಭೋಜಿಯೂ ಮೇಳ. ಇಂದಿನ ಪಟ್ಟಿಯಲ್ಲಿ ಶ್ರೀರಾಗ 22ನೇ ಖರಹರಪ್ರಿಯದ ಜನ್ಯ, ಕಾಂಭೋಜಿ 28ನೇ ಹರಿಕಾಂಭೋಜಿಯ ಜನ್ಯ. ಅಂದು ತಾಯಿಯ ಸ್ಥಾನದಲ್ಲಿದ್ದ ರಾಗ ಇಂದು ಮಗಳ ಸ್ಥಾನದಲ್ಲಿದೆ, ರಾಗದ ನಡೆ ಅದಕ್ಕೋಸ್ಕರ ಬದಲಾಗಲಿಲ್ಲ. ಶಂಕರಾಭರಣದ ಹಿಂದೆ ಧೀರ, ಕಲ್ಯಾಣಿಯ ಹಿಂದೆ ಮೇಚ ಎಂದು ಅಂಟಿಸಿದ್ದು ಸಂಖ್ಯೆ ಕೂಡಿಬರಲೆಂದು. ವಂಶವೆಂದು ನಾವು ತಿಳಿದಿರುವ ಈ ಏರ್ಪಾಡು ಶತಮಾನದಿಂದ ಶತಮಾನಕ್ಕೆ ತಿದ್ದಿಕೊಂಡು ಬಂದ ಅನುಕೂಲದ ಏರ್ಪಾಡು.

ಇದಕ್ಕೂ ಹಿಂದೆ ರಾಗಗಳ, ಅಂದಿನ ಮಾತಿನಲ್ಲಿ ಜಾತಿಗಳ, ಸಂಬಂಧವನ್ನು ನೋಡುತ್ತಿದ್ದ ಬಗೆಯೇ ಬೇರೆ. ಭರತನ ನಾಟ್ಯಶಾಸ್ತ್ರದಲ್ಲಿ ಷಡ್ಜಗ್ರಾಮ, ಮಧ್ಯಮಗ್ರಾಮ ಎಂಬ ಎರಡು ಸ್ವರಕೂಟಗಳಿವೆ; ಒಂದೊಂದರಲ್ಲೂ ಏಳೇಳು ಮೂರ್ಛನೆಗಳು, ಒಟ್ಟು 14. ಮೂರ್ಛನೆಯೆಂದರೆ ಅವೇ ಏಳು ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಶುರುಮಾಡಿ ಕ್ರಮವಾಗಿ ಏರಿ ಇಳಿಯುವುದು. ಬಿಲ್ಲಿನಾಕಾರದ ಹಳೆಯ ವೀಣೆಯಲ್ಲಿ ಸ್ವರಕ್ಕೊಂದು ತಂತಿ. ಯಾವ ತಂತಿಯಿಂದ ಬೇಕಾದರೂ ಶುರುಮಾಡಬಹುದಾದ್ದರಿಂದ ಈ ಯೋಚನೆ ವಾದ್ಯಕ್ಕೆ ಸಹಜವಾಗಿತ್ತು. 13ನೇ ಶತಮಾನದಲ್ಲಿ ದೇವಗಿರಿಯಲ್ಲಿ ಶಾರ್ಙ್ಗದೇವ ಸಂಗೀತರತ್ನಾಕರ ಬರೆದಾಗಲೂ ಚೌಕಟ್ಟು ಇದೇ. ಆದರೆ ಆ ಗ್ರಂಥಕ್ಕೆ 15ನೇ ಶತಮಾನದಲ್ಲಿ ಇಮ್ಮಡಿ ದೇವರಾಯನ ಕಾಲದ ವಿಜಯನಗರದಲ್ಲಿ ಕಲ್ಲಿನಾಥ ಟೀಕೆ ಬರೆಯುವ ಹೊತ್ತಿಗೆ ಶಾಸ್ತ್ರಕ್ಕೂ ಪ್ರಯೋಗಕ್ಕೂ ನಡುವೆ ಅಂತರ ಬಿದ್ದಿತ್ತು. ಮೆಟ್ಟಿಲುಗಳ ವೀಣೆ ಬಂದು, ಆಧಾರ ಷಡ್ಜ ಒಂದೇ ಕಡೆ ನೆಲೆನಿಂತು, ಎಲ್ಲ ರಾಗಗಳನ್ನೂ ಆ ಒಂದು ಷಡ್ಜದಿಂದ ಅಳೆಯುವುದು ರೂಢಿಯಾಯಿತು. ರಾಮಾಮಾತ್ಯ ಬೇರೆ ಬೇರೆ ವೀಣೆಗಳ ಶ್ರುತಿ ಮಾಡುವ ಕ್ರಮವನ್ನು ವಿಸ್ತಾರವಾಗಿ ಹೇಳುತ್ತಾನೆ, ಒಂದು ವೀಣೆಗೆ ಅಚ್ಯುತರಾಯನ ಹೆಸರೇ ಇದೆ. ಮೇಳ ಪದ್ಧತಿ ಆ ಮೆಟ್ಟಿಲುಗಳ ಮೇಲೆ ಬೆಳೆದದ್ದು. ಇಂದಿನ ಸರಸ್ವತಿ ವೀಣೆಯ 24 ಮೆಟ್ಟಿಲುಗಳು, ಸ್ಥಾಯಿಗೆ ಹನ್ನೆರಡರಂತೆ, ಅದೇ ಲೆಕ್ಕವನ್ನು ಕಣ್ಣಿಗೆ ತೋರಿಸುತ್ತವೆ. ಷಡ್ಜವನ್ನು ಸರಿಸುವ ಹಳೆಯ ವಿದ್ಯೆ ಮಾತ್ರ ಪೂರ್ತಿ ಅಳಿಯಲಿಲ್ಲ. ಗ್ರಹಭೇದ, ಶ್ರುತಿಭೇದ ಎಂಬ ಹೆಸರಿನಲ್ಲಿ ವಿದ್ವಾಂಸರ ಮನೋಧರ್ಮದೊಳಗೆ ಉಳಿದುಕೊಂಡಿತು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರಂಥವರು ಕಛೇರಿಯ ಆಲಾಪನೆಯಲ್ಲೇ ಅದನ್ನು ತೋರಿಸಿದರು. ಪಾಠದ ಕೋಣೆಗೆ ಅದು ಇಳಿದು ಬರಲೇ ಇಲ್ಲ ಎಂಬುದು ನನ್ನ ಕೊರಗು.

ಇಳಿದು ಬಂದರೆ ಮಗುವಿಗೆ ಸಿಗುವುದೇನು ಎಂದು ಲೆಕ್ಕ ಹಾಕಿ ನೋಡಬಹುದು. ಮೋಹನದ ಐದು ಸ್ವರಗಳು: ಷಡ್ಜ, ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಚತುಃಶ್ರುತಿ ಧೈವತ. ಅರ್ಧ ಸ್ವರವನ್ನು ಒಂದು ಹೆಜ್ಜೆಯೆಂದು ಎಣಿಸಿದರೆ ಇವುಗಳ ನಡುವಿನ ಅಂತರ 2, 2, 3, 2, 3. ರಿಷಭವನ್ನು ಷಡ್ಜ ಮಾಡಿಕೊಂಡರೆ ಅಂತರ 2, 3, 2, 3, 2 ಆಗುತ್ತದೆ, ಅದು ಮಧ್ಯಮಾವತಿ. ಗಾಂಧಾರದಿಂದ ಹಿಂದೋಳ. ಪಂಚಮದಿಂದ ಶುದ್ಧಸಾವೇರಿ. ಧೈವತದಿಂದ ಶುದ್ಧಧನ್ಯಾಸಿ. ಪಟ್ಟಿಯಲ್ಲಿ ಚದುರಿಹೋದ ಐದು ರಾಗಗಳು ಒಂದೇ ಸರಪಳಿಯ ಐದು ಕೊಂಡಿಗಳಾಗಿ ಕಾಣುತ್ತವೆ. ಏಳು ಸ್ವರಗಳಿಗೂ ಇದು ಸಲ್ಲುತ್ತದೆ. ಶಂಕರಾಭರಣದ ರಿಷಭದಿಂದ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ನಿಷಾದದಿಂದ ಶುರುಮಾಡಿದರೆ ಪಂಚಮವೇ ಸಿಗುವುದಿಲ್ಲ, ಮಧ್ಯಮಗಳು ಎರಡಾಗುತ್ತವೆ, ಆದ್ದರಿಂದ ಅದು ಮೇಳವಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಮಗು ತಾನೇ ಹಾಡಿ ಕಂಡುಕೊಳ್ಳಬಹುದು, ಮೇಳದಲ್ಲಿ ಪಂಚಮ ಯಾಕೆ ಅಚಲ ಎಂಬ ನಿಯಮದ ತೂಕ ಆಗ ತಿಳಿಯುತ್ತದೆ. 21ನೇ ಕೀರವಾಣಿಯನ್ನು ಹೀಗೆ ತಿರುಗಿಸಿದರೆ ಮಧ್ಯಮದಿಂದ ಹೇಮವತಿ, ಪಂಚಮದಿಂದ ವಕುಲಾಭರಣ, ಧೈವತದಿಂದ ಕೋಸಲ. ಸಂಖ್ಯೆ 21, 58, 14, 71; ಒಂದಕ್ಕೊಂದು ಎಷ್ಟು ದೂರ ನೋಡಿ. ಎಲ್ಲ ಪಾಠಗಳಿಗೂ ಮೊದಲ ಮೆಟ್ಟಿಲಾದ 15ನೇ ಮಾಯಾಮಾಳವಗೌಳ, ಅದನ್ನು ಪಾಠಕ್ಕೆ ತಂದವರು ಪುರಂದರದಾಸರೆಂದು ಸಂಪ್ರದಾಯ ನಂಬುತ್ತದೆ, ಅದೂ ಹೊರತಲ್ಲ. ಅದರ ಪೂರ್ವಾಂಗ ಉತ್ತರಾಂಗಗಳ ಅಂತರ ಒಂದೇ: 1, 3, 1. ಅದರ ಮಧ್ಯಮವನ್ನು ಷಡ್ಜ ಮಾಡಿದರೆ 57ನೇ ಸಿಂಹೇಂದ್ರಮಧ್ಯಮ, ರಿಷಭವನ್ನು ಮಾಡಿದರೆ 72ನೆಯದಾದ ರಸಿಕಪ್ರಿಯ. ಸರಳೆ ವರಿಸೆ ಹಾಡುವ ಕೂಸಿನ ಗಂಟಲಲ್ಲಿ ಪಟ್ಟಿಯ ಕೊನೆಯ ಮೇಳವೂ ಅಡಗಿ ಕೂತಿದೆ.

ದಕ್ಷಿಣ ಬೆಂಗಳೂರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಒಂದೇ ರಸ್ತೆಯಲ್ಲಿ ಕರ್ನಾಟಕ ಸಂಗೀತದ ಪಾಠವೂ ಗಿಟಾರ್, ಕೀಬೋರ್ಡ್ ತರಗತಿಯೂ ನಡೆಯುವುದು ಇಲ್ಲಿ ಸಾಮಾನ್ಯ. ಬಿ.ಟಿ.ಎಂ. ಬಡಾವಣೆಯಲ್ಲಿ ಸಂಜೆ ಗಿಟಾರ್ ಕಲಿಯುವ ಯುವಕ ಅಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಏಯೋಲಿಯನ್ ಎಂದು ಕಲಿಯುವುದು ಸ್ವರಸ್ಥಾನಗಳ ಮಟ್ಟಿಗೆ ಶಂಕರಾಭರಣ, ಖರಹರಪ್ರಿಯ, ತೋಡಿ, ಕಲ್ಯಾಣಿ, ಹರಿಕಾಂಭೋಜಿ, ನಠಭೈರವಿಗಳನ್ನೇ, ಅದೇ ಕ್ರಮದಲ್ಲಿ. ಮೇಳವಾಗಲಾರದ ಏಳನೆಯದಕ್ಕೆ ಅಲ್ಲಿ ಲೊಕ್ರಿಯನ್ ಎಂದು ಹೆಸರು. ಅಲ್ಲೂ ಅದರ ಬಳಕೆ ಅಪರೂಪ, ಕಾರಣವೂ ಅದೇ ಪಂಚಮದ ಕೊರತೆ. ಕಾಲದ ಹೊಂದಾಣಿಕೆಯೂ ಸೋಜಿಗದ್ದು. ಸ್ವಿಟ್ಜರ್ಲೆಂಡಿನ ಗ್ಲಾರಿಯಾನಸ್ ಯುರೋಪಿನ ಎಂಟು ಚರ್ಚ್ ಮೋಡ್‌ಗಳನ್ನು ಹನ್ನೆರಡಕ್ಕೆ ಏರಿಸಿ ಬಾಸೆಲ್ ನಗರದಲ್ಲಿ ಡೋಡೆಕಾಕಾರ್ಡನ್ ಪ್ರಕಟಿಸಿದ್ದು 1547ರಲ್ಲಿ. ಮೂರು ವರ್ಷಕ್ಕೆ ರಾಮಾಮಾತ್ಯನ ಗ್ರಂಥ. ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ, ಆದರೂ ಇಬ್ಬರೂ ಹಾಡುವವರು ಮೊದಲೇ ಹಾಡುತ್ತಿದ್ದದ್ದಕ್ಕೆ ಲೆಕ್ಕ ಹುಡುಕುತ್ತಿದ್ದರು. ಗ್ಲಾರಿಯಾನಸ್ ಹೊಸದಾಗಿ ಸೇರಿಸಿದವುಗಳಲ್ಲಿ ಅಯೋನಿಯನ್, ಏಯೋಲಿಯನ್ ಇವೆ. ಯುರೋಪಿನ ಮುಂದಿನ ಸಂಗೀತವೆಲ್ಲ ಹೆಚ್ಚಾಗಿ ಈ ಎರಡರ ಸುತ್ತಲೇ ಬೆಳೆಯಿತು. ಅಕ್ಕಪಕ್ಕದ ತರಗತಿಗಳ ಮಕ್ಕಳು ಒಂದೇ ಸಂಗತಿಯನ್ನು ಎರಡು ಭಾಷೆಯಲ್ಲಿ ಕಲಿಯುತ್ತ, ಪರಸ್ಪರ ಅಪರಿಚಿತರಾಗಿ ಉಳಿಯಬೇಕಾದ ಅಗತ್ಯವಿಲ್ಲ.

ಇಲ್ಲಿ ಸಂಗೀತ ಬಲ್ಲವರು ತಡೆದು ಕೇಳುವ ಪ್ರಶ್ನೆ ನ್ಯಾಯವಾದದ್ದು: ಇದೂ ಲೆಕ್ಕವೇ ಆಯಿತಲ್ಲ? ಗುಣಾಕಾರದ ಬದಲು ಸರದಿ ತಿರುಗಿಸುವುದು ಬಂತು ಅಷ್ಟೆ, ರಾಗ ಎಲ್ಲಿ ಬಂತು? ಶಂಕರಾಭರಣದ ಗಾಂಧಾರದಿಂದ ಸಿಕ್ಕುವುದು ತೋಡಿಯ ಸ್ವರಸ್ಥಾನಗಳು ಮಾತ್ರ. ತೋಡಿಯ ಗಾಂಧಾರ ತೂಗುವ ಬಗೆ, ಆ ಗಮಕದಲ್ಲಿ ಸ್ವರ ತನ್ನ ಸ್ಥಾನವನ್ನೇ ಮರೆಸುವ ಬಗೆ, ಯಾವ ಗ್ರಹಭೇದದಿಂದಲೂ ಬರುವುದಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದನ್ನು ಇನ್ನೂ ಮುಂದಕ್ಕೆ ಒಯ್ಯುತ್ತೇನೆ. ಆರಭಿಗೂ ದೇವಗಾಂಧಾರಿಗೂ ಆರೋಹಣ ಅವರೋಹಣ ಒಂದೇ. ಎರಡಕ್ಕೂ ಮೇಳ 29. ಕಾಗದದ ಮೇಲೆ ಎರಡನ್ನೂ ಬೇರೆ ಮಾಡುವುದು ಆಗದು. ಹಾಡಿದ ಕೂಡಲೇ ಬೇರೆಯಾಗುತ್ತವೆ. ಆರಭಿ ನೇರವಾಗಿ, ಚುರುಕಾಗಿ ನಡೆಯುತ್ತದೆ. ದೇವಗಾಂಧಾರಿ ನಿಧಾನವಾಗಿ, ಗಾಂಧಾರದ ಸುತ್ತ ತೂಗಾಡುತ್ತ ಸಾಗುತ್ತದೆ. ಇನ್ನೊಂದು ಕಡೆ ಭೈರವಿ ಮತ್ತು ಮುಖಾರಿ. ಒಂದಕ್ಕೆ ಮೇಳ 20, ಇನ್ನೊಂದಕ್ಕೆ 22. ಎರಡೂ ಎರಡು ಧೈವತಗಳನ್ನು ಬಳಸುತ್ತವೆ, ಕೇಳುವವರು ಎಚ್ಚರ ತಪ್ಪಿದರೆ ಒಂದರ ನೆರಳಲ್ಲಿ ಇನ್ನೊಂದು ಕಾಣಿಸಿಕೊಳ್ಳುತ್ತದೆ. ಇವುಗಳ ನಂಟು ಸಂಚಾರದ್ದು, ಅದು ಸಂಖ್ಯೆಗೂ ಸಿಗುವುದಿಲ್ಲ, ಗ್ರಹಭೇದಕ್ಕೂ ಸಿಗುವುದಿಲ್ಲ. ಹಿಂದೂಸ್ತಾನಿಯಲ್ಲಿ ಇದರ ಸಾಕ್ಷಿ ಇನ್ನೂ ಸ್ಪಷ್ಟ. ಪಂಡಿತ ಭಾತ್ಖಂಡೆ 1904ರಲ್ಲಿ ದಕ್ಷಿಣಕ್ಕೆ ಬಂದು, ವೆಂಕಟಮಖಿಯ ಮೇಳಗಳನ್ನು ತಿಳಿದುಕೊಂಡು ಹೋಗಿ, ಮುಂದೆ ಉತ್ತರದ ರಾಗಗಳಿಗೆ ಹತ್ತು ಥಾಟ್‌ಗಳ ವ್ಯವಸ್ಥೆ ಮಾಡಿದರು. ಅದರಲ್ಲಿ ಭೂಪಾಲಿ ಕಲ್ಯಾಣ ಥಾಟಿಗೆ, ದೇಶಕಾರ ಬಿಲಾವಲ ಥಾಟಿಗೆ ಸೇರಿವೆ. ಎರಡರದೂ ನಮ್ಮ ಮೋಹನದ ಐದೇ ಸ್ವರಗಳು. ಭೂಪಾಲಿಯಲ್ಲಿ ಗಾಂಧಾರ ಮುಖ್ಯ, ದೇಶಕಾರದಲ್ಲಿ ಧೈವತ ಮುಖ್ಯ. ನಡೆ ಬೇರೆಯಾದ್ದರಿಂದ ಮನೆಯೂ ಬೇರೆಯಾಯಿತು. ಕರ್ನಾಟಕ ಪದ್ಧತಿಯ ಹರಿಕಾಂಭೋಜಿಯನ್ನೂ ಸೇರಿಸಿದರೆ ಅವೇ ಐದು ಸ್ವರಗಳಿಗೆ ಮೂವರು ತಾಯಂದಿರು. ಪಟ್ಟಿ ಮಾಡುವವರು ಕೂಡ ಕೊನೆಗೆ ಕಿವಿಯ ಮಾತನ್ನೇ ಕೇಳಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ.

ಹಾಗಾದರೆ ರಾಗಗಳ ನಂಟು ಒಂದೇ ಬಗೆಯದಲ್ಲ. ಒಂದೇ ಷಡ್ಜದ ಮೇಲೆ ಸ್ವರಗಳ ಹೋಲಿಕೆ ಮೇಳ ತೋರಿಸುವ ನಂಟು. ಅಂತರಗಳ ಒಂದೇ ಸರಪಳಿಯನ್ನು ಬೇರೆ ಷಡ್ಜದಿಂದ ಹಿಡಿಯುವುದು ಗ್ರಹಭೇದ ತೋರಿಸುವ ನಂಟು. ಸಂಚಾರ, ಗಮಕ, ನಿಲ್ಲುವ ತಾಣಗಳ ಹೋಲಿಕೆ ಕೇಳ್ಮೆ ತೋರಿಸುವ ನಂಟು. ಪುಂಡರೀಕ ವಿಠ್ಠಲನಿಗೆ ಇದು ಗೊತ್ತಿತ್ತು. ಸದ್ರಾಗಚಂದ್ರೋದಯದಲ್ಲಿ ಮೇಳ ಹಿಡಿದು ಹೇಳಿದವನೇ ಇನ್ನೊಂದು ಗ್ರಂಥ ರಾಗಮಾಲೆಯಲ್ಲಿ ರಾಗಗಳನ್ನು ಪುರುಷ, ಸ್ತ್ರೀ, ಪುತ್ರ ಎಂದು ಕುಟುಂಬಗಳಾಗಿ ಬಿಡಿಸಿದ. ಎರಡನ್ನೂ ಬರೆಯುವುದರಲ್ಲಿ ಅವನಿಗೆ ವಿರೋಧ ಕಾಣಲಿಲ್ಲ. ನಾವು ಒಂದನ್ನೇ ಇಟ್ಟುಕೊಂಡು ಉಳಿದವನ್ನು ಬಿಟ್ಟಿದ್ದೇವೆ. ಗ್ರಹಭೇದವನ್ನು ಪಾಠಕ್ಕೆ ತರಬೇಕೆಂದು ನಾನು ಒತ್ತಾಯಿಸುವುದು ಅದೇ ಅಂತಿಮ ಸತ್ಯವೆಂದಲ್ಲ. ಅದನ್ನು ಹಾಡದೆ ಕಲಿಯಲು ಬರುವುದಿಲ್ಲ, ಪಟ್ಟಿಯನ್ನಾದರೆ ಹಾಡದೆಯೂ ಕಲಿಯಬಹುದು. ಷಡ್ಜ ಸರಿದಾಗ ಅದೇ ಸ್ವರಗಳ ಭಾವ ಪೂರ್ತಿ ಬದಲಾಗುವುದನ್ನು ಒಮ್ಮೆ ಕೇಳಿದ ಮಗುವಿಗೆ ರಾಗವೆಂದರೆ ಸ್ವರಗಳ ಮೊತ್ತವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಗಮಕದ ರಾಜ್ಯ ಶುರುವಾಗುತ್ತದೆ ಎಂಬ ಗಡಿ ಆ ಮಗುವಿಗೆ ಕಿವಿಯಲ್ಲೇ ಗೊತ್ತಾಗಿರುತ್ತದೆ.

ಎರಡನೆಯ ಆಕ್ಷೇಪ ಪಾಠ ಹೇಳುವ ಗುರುಗಳದ್ದು, ಅನುಭವದಿಂದ ಬಂದದ್ದು. ಷಡ್ಜದಲ್ಲಿ ನಿಲ್ಲಲು ಕಲಿಯುವುದಕ್ಕೇ ಮಕ್ಕಳಿಗೆ ವರ್ಷಗಳು ಬೇಕು. ತಂಬೂರಿ ಒಂದು ಷಡ್ಜವನ್ನು ನುಡಿಯುತ್ತಿರುವಾಗ ಮನಸ್ಸಿನಲ್ಲಿ ಇನ್ನೊಂದನ್ನು ಇಟ್ಟುಕೊಂಡು ಹಾಡಿಸಿದರೆ ಶ್ರುತಿಯ ಬುಡವೇ ಅಲುಗಾಡುತ್ತದೆ. ಇದರೊಳಗೆ ಸೂಕ್ಷ್ಮವಾದ ಇನ್ನೊಂದು ತಕರಾರೂ ಇದೆ. ಶುದ್ಧ ಅನುಪಾತಗಳಲ್ಲಿ ರಿಷಭವನ್ನು 9/8, ಧೈವತವನ್ನು 5/3 ಎಂದು ಹಿಡಿದರೆ ಅವೆರಡರ ನಡುವಿನ ಅಂತರ 40/27. ರಿಷಭವನ್ನು ಷಡ್ಜ ಮಾಡಿ ಮಧ್ಯಮಾವತಿ ಹಾಡಲು ಆ ಧೈವತವೇ ಪಂಚಮವಾಗಬೇಕು, ಪಂಚಮಕ್ಕೆ ಬೇಕಾದದ್ದು 3/2. ಅಂದರೆ 81/80ರಷ್ಟು, ಒಂದು ಪ್ರಮಾಣಶ್ರುತಿಯಷ್ಟು, ಕಡಿಮೆ ಬೀಳುತ್ತದೆ. ಕೀಬೋರ್ಡಿನ ಸಮ ಹಂಚಿಕೆಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ, ಒಳ್ಳೆಯ ಗಾಯಕರ ಕಿವಿಯಲ್ಲಿ ಮುಚ್ಚುವುದಿಲ್ಲ. ಆದ್ದರಿಂದ ಗ್ರಹಭೇದವೇ ಒಂದು ಸ್ಥೂಲವಾದ ಸುಳ್ಳು ಎಂದು ವಾದಿಸುವವರಿದ್ದಾರೆ. ಭರತನಿಗೆ ಈ ಕೊರತೆ ಗೊತ್ತಿತ್ತು ಎಂಬುದನ್ನು ಅವರು ನೆನೆಯಬೇಕು. ಷಡ್ಜಗ್ರಾಮಕ್ಕೂ ಮಧ್ಯಮಗ್ರಾಮಕ್ಕೂ ಇರುವ ವ್ಯತ್ಯಾಸವೇ ಪಂಚಮವನ್ನು ಒಂದು ಪ್ರಮಾಣಶ್ರುತಿಯಷ್ಟು ಇಳಿಸುವುದು. ಷಡ್ಜ ಸರಿಸಿದಾಗ ಕಿವಿ ಒಂದು ಸ್ವರವನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ, ಹಾಗೆ ತಿದ್ದಿಕೊಂಡದ್ದನ್ನು ಗಮನಿಸುವುದೇ ಶ್ರುತಿಜ್ಞಾನದ ಒಳ್ಳೆಯ ಅಭ್ಯಾಸ. ಇನ್ನು ಮಕ್ಕಳ ಬುಡ ಅಲುಗುವ ಭಯಕ್ಕೆ ಪರಿಹಾರ ಕೈಯಳತೆಯಲ್ಲೇ ಇದೆ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಶ್ರುತಿ ಬದಲಾಯಿಸುವುದು ಬೆರಳ ತುದಿಯ ಕೆಲಸವಾಗಿದೆ. ವರ್ಣದ ಹಂತಕ್ಕೆ ಬಂದ ಮಕ್ಕಳಿಗೆ ಮೊದಲು ಮೋಹನವನ್ನು ಹಾಡಿಸಿ, ಆಮೇಲೆ ತಂಬೂರಿಯನ್ನೇ ಗಾಂಧಾರಕ್ಕೆ ಏರಿಸಿ, ಅವೇ ಸ್ವರಗಳನ್ನು ಹೊಸ ಷಡ್ಜದ ಮೇಲೆ ಹಾಡಿಸಬಹುದು. ಷಡ್ಜ ಮನಸ್ಸಿನಲ್ಲೊಂದು ಕಿವಿಯಲ್ಲೊಂದು ಆಗುವ ಪ್ರಶ್ನೆಯೇ ಇರುವುದಿಲ್ಲ. ತಂಬೂರಿ ಬದಲಿಸದೆ ಗ್ರಹಭೇದ ಮಾಡುವುದು ಕಛೇರಿಯ ವಿದ್ವಾಂಸರಿಗಿರಲಿ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇವೆರಡೂ ಅಲ್ಲ. ಪಟ್ಟಿಯೇ ಸಂಗೀತವನ್ನು ಹುಟ್ಟಿಸಿದೆ ಎಂಬುದು ಅದು. ವೆಂಕಟಮಖಿಯ ಕಾಲದಲ್ಲಿ 19ಕ್ಕೆ ನಿಂತಿದ್ದ ಬಳಕೆ ಮುಂದೆ 72ರವರೆಗೂ ಚಾಚಿಕೊಂಡದ್ದು ಖಾಲಿ ಮನೆಗಳನ್ನು ಪಟ್ಟಿ ಮೊದಲೇ ತೋರಿಸಿದ್ದರಿಂದ. ಖರಹರಪ್ರಿಯವನ್ನು ಇಂದು ನಾವು ಘನವಾದ ರಾಗವೆಂದು ಕೇಳುತ್ತಿದ್ದರೆ ಅದು ತ್ಯಾಗರಾಜರ ಕೃತಿಗಳ ಬಲದಿಂದ. ಮಹಾ ವೈದ್ಯನಾಥ ಅಯ್ಯರ್ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಕೋದರು. ಕೋಟೀಶ್ವರ ಅಯ್ಯರ್, ಬಾಲಮುರಳಿಕೃಷ್ಣ ಎಲ್ಲ ಮೇಳಗಳಲ್ಲೂ ಕೃತಿ ರಚಿಸಿದರು. ಪಟ್ಟಿ ಇಲ್ಲದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಈ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಆ ಪಟ್ಟಿಯಿಂದ ಹೊಸ ರಾಗ ಕಂಡವರೆಲ್ಲ ಹಳೆಯ ರಾಗಗಳ ನಂಟನ್ನು ಪಾಠಾಂತರದಲ್ಲಿ, ವರ್ಷಗಟ್ಟಲೆ ಕೇಳ್ಮೆಯಲ್ಲಿ ಮೈಗೂಡಿಸಿಕೊಂಡವರು. ಗುರುಗಳ ಮನೆಯಲ್ಲೇ ಇದ್ದು, ದಿನಕ್ಕೆ ಹಲವು ಗಂಟೆ ಕೇಳುತ್ತಿದ್ದ ಶಿಷ್ಯನಿಗೆ ನಂಟನ್ನು ಬೇರೆಯಾಗಿ ಪಾಠ ಮಾಡಬೇಕಾಗಿರಲಿಲ್ಲ. ವಾರಕ್ಕೆರಡು ದಿನ, ಶಾಲೆ ಮತ್ತು ಟ್ಯೂಷನ್ ನಡುವೆ, ಒಂದು ಗಂಟೆ ಬಂದು ಹೋಗುವ ಮಕ್ಕಳಿಗೆ ಆ ಕೇಳ್ಮೆ ತಾನಾಗಿ ಒದಗುವುದಿಲ್ಲ. ಇವತ್ತಿನ ಪಾಠಕ್ಕೆ ಅದನ್ನು ನಾವು ಬೇಕೆಂದೇ ಸೇರಿಸಬೇಕಾಗಿದೆ.

ಅದಕ್ಕೆ ದೊಡ್ಡ ವ್ಯವಸ್ಥೆ ಬೇಕಿಲ್ಲ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಇರುವುದು ಶಾಸ್ತ್ರ, ಪ್ರಯೋಗ ಎಂಬ ಎರಡು ಭಾಗಗಳಲ್ಲಿ. ಮೇಳಕರ್ತ ಪದ್ಧತಿಯ ಪ್ರಶ್ನೆಗಳನ್ನು ಶಾಸ್ತ್ರದ ಪತ್ರಿಕೆಯಲ್ಲಷ್ಟೇ ಇಡದೆ ಪ್ರಯೋಗದ ಕೋಣೆಗೂ ತಂದರೆ ಪಾಠದ ರೀತಿ ತಾನೇ ಬದಲಾಗುತ್ತದೆ, ಏಕೆಂದರೆ ಪರೀಕ್ಷೆ ಕೇಳಿದ್ದನ್ನು ತರಗತಿ ಕಲಿಸುತ್ತದೆ. ಸೀನಿಯರ್ ವಿದ್ಯಾರ್ಥಿಗೆ ಮೋಹನದ ನಾಲ್ಕು ಸಂಚಾರ ಹಾಡಿಸಿ, ಅದರ ರಿಷಭವನ್ನು ಷಡ್ಜ ಮಾಡಿ ತೋರಿಸು ಎನ್ನಬಹುದು. ವಿದ್ವತ್ತಿಗೆ ಕೂತವರ ಮುಂದೆ ಆರಭಿಯನ್ನೂ ದೇವಗಾಂಧಾರಿಯನ್ನೂ ಸ್ವರ ಹೇಳದೆ ಹಾಡಿ, ಬೇರೆ ಮಾಡಿದ್ದು ಯಾವುದು ಎಂದು ಹಾಡಿಯೇ ತೋರಿಸಲು ಕೇಳಬಹುದು. ಸಭೆಗಳಿಗೂ ಇದರಲ್ಲಿ ಪಾಲಿದೆ. 1905ರಿಂದ ನಡೆದುಬಂದ ಬೆಂಗಳೂರು ಗಾಯನ ಸಮಾಜ, ಬನಶಂಕರಿಯ ಶ್ರೀರಾಮ ಲಲಿತಕಲಾ ಮಂದಿರದಂಥ ಸಂಸ್ಥೆಗಳ ವೇದಿಕೆಯಲ್ಲಿ ಒಂದು ಸರಪಳಿಯ ರಾಗಗಳನ್ನೇ, ಮಧ್ಯಮಾವತಿ, ಹಿಂದೋಳ, ಶುದ್ಧಸಾವೇರಿ, ಮೋಹನ, ಒಂದೇ ಸಂಜೆ ಕೇಳಿಸುವ ಸೋದಾಹರಣ ಕಛೇರಿ ಏರ್ಪಡಿಸಿದರೆ ಕೇಳುಗರ ಮಟ್ಟವೂ ಏರುತ್ತದೆ. ಜೆ.ಪಿ. ನಗರ 7ನೇ ಹಂತದಲ್ಲಿರುವ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದಲ್ಲಿ ಮಕ್ಕಳು ತಾವೇ ಮುಟ್ಟಿ, ಬಡಿದು ನಾದ ಹೊರಡಿಸುವ ನಾದವನವಿದೆ. ಅಂಥ ಕಡೆ ಐದು ಸ್ವರಗಳ ಐದು ಪಟ್ಟಿಕೆಗಳನ್ನಿಟ್ಟು, ಕೆಳಗೆ ನುಡಿಯುವ ಆಧಾರ ಶ್ರುತಿಯನ್ನು ಮಗುವೇ ಒಂದೊಂದು ಸ್ವರಕ್ಕೆ ಸರಿಸಿ ನೋಡುವಂತೆ ಮಾಡಿದರೆ, ಸಂಗೀತ ಕಲಿಯದ ಮಗುವೂ ಅದೇ ಪಟ್ಟಿಕೆಗಳಲ್ಲಿ ಒಂದಾದ ಮೇಲೆ ಒಂದು ಐದು ರಾಗ ಕೇಳಿಸಿಕೊಂಡು ಹೊರಗೆ ಬರುತ್ತದೆ. ಹೆಸರುಗಳನ್ನು ಆಮೇಲೆ ಹೇಳಿಕೊಡಬಹುದು, ಸಂಖ್ಯೆಗಳನ್ನು ಅದಕ್ಕೂ ಆಮೇಲೆ.